ಶೆಟ್ಟಿಹಳ್ಳಿಯಿಂದ ಹೊರಟ ಕಮಾನು ಗಾಡಿ

ತುಮಕೂರಿನ ಶೆಟ್ಟಿಹಳ್ಳಿಯಲ್ಲಿರುವ ನಮ್ಮ ಭಾವನ ಮನೆಯ ಮುಂದೆ ಕಳೆದ ಬೇಸಿಗೆಯಲ್ಲಿ ಒಂದು ವಿಚಿತ್ರ ನಡೆಯಿತು. ತೋಟಕ್ಕೆ ಗೊಬ್ಬರ, ಮಂಡಿಗೆ ತೆಂಗಿನಕಾಯಿ ಹೊರುತ್ತಿದ್ದ ಅವರ ಹಳೆಯ ಪಿಕಪ್ ಹದಿನೈದು ದಿನ ಕದಲದೆ ನಿಂತಿತ್ತು. ಹಿಂದಿನ ಬಾಡಿಯಲ್ಲಿ ಬಡಗಿಯೊಬ್ಬ ಮಂಡಿಯೂರಿ ಅಳತೆ ತೆಗೆಯುತ್ತಿದ್ದ.

"ಏನು ಭಾವ, ಗಾಡಿ ಕೆಟ್ಟಿದೆಯಾ?" ಎಂದೆ.

"ಕೆಟ್ಟಿಲ್ಲ ಕಣಯ್ಯ, ಮನೆಯಾಗ್ತಾ ಇದೆ" ಎಂದರು.

ವಿಷಯ ಇಷ್ಟೆ. ಎಂಟನೇ ತರಗತಿಯ ಮಗ ವಿದೇಶದ ಕುಟುಂಬವೊಂದು ಪಿಕಪ್ಪಿನ ಮೇಲೆ ಗೂಡು ಕಟ್ಟಿಕೊಂಡು ದೇಶ ಸುತ್ತುವುದನ್ನು ಟೀವಿಯಲ್ಲಿ ನೋಡಿದ್ದ. 'ನಮ್ಮ ಗಾಡಿಗೂ ಹಾಗೆ ಮಾಡಿಸಿ' ಎಂಬ ಹಟ. ಅಮೆರಿಕದ ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್ 1960ರಲ್ಲಿ ಇಂಥದೇ ಗೂಡು ಹೊತ್ತ ಪಿಕಪ್ಪಿನಲ್ಲಿ ತನ್ನ ನಾಯಿಯೊಡನೆ ದೇಶ ಸುತ್ತಿದ್ದು, ಗಾಡಿಗೆ ಡಾನ್ ಕ್ವಿಕ್ಸಾಟನ ಕುದುರೆಯ ಹೆಸರಿಟ್ಟಿದ್ದು ನನಗೆ ನೆನಪಾಯಿತು. ಅದನ್ನು ದೊಡ್ಡದಾಗಿ ಹೇಳಿದೆ. ಜಗಲಿಯ ಮೇಲೆ ಅಡಿಕೆ ಕತ್ತರಿಸುತ್ತಿದ್ದ ಭಾವನ ತಾಯಿ ನಕ್ಕುಬಿಟ್ಟರು.

"ಅಯ್ಯೋ, ಇದೇನು ಹೊಸದು? ಸಿದ್ಧಗಂಗೆ ದನದ ಜಾತ್ರೆಗೆ ನಾವು ಬರ್ತಿದ್ದುದೇ ಹಿಂಗೆ."

ಅಜ್ಜಿಯ ತವರು ಕುಣಿಗಲ್ ತಾಲ್ಲೂಕು, ಯಡಿಯೂರಿನ ಕಡೆ. ಶಿವರಾತ್ರಿಯ ಹೊತ್ತಿಗೆ ಅಲ್ಲಿಂದ ಕಮಾನು ಗಾಡಿ ಕಟ್ಟಿಕೊಂಡು ಹೊರಡುತ್ತಿದ್ದರಂತೆ. ಬಿದಿರು ಬಗ್ಗಿಸಿ ಕಟ್ಟಿದ ಕಮಾನು, ಮೇಲೆ ಚಾಪೆ. ಒಳಗೆ ದಪ್ಪನೆ ಹುಲ್ಲು ಹಾಸಿ ಅದರ ಮೇಲೆ ಜಮಖಾನ. ಆ ಹುಲ್ಲು ರಾತ್ರಿ ಹಾಸಿಗೆ, ಜಾತ್ರೆಯಲ್ಲಿ ಎತ್ತಿಗೆ ಮೇವು. ಗಾಡಿಯ ಅಡಿಯಲ್ಲಿ ಲಾಂದ್ರ ಮತ್ತು ಕೀಲೆಣ್ಣೆಯ ಗೊಟ್ಟ. ಒಲೆಗೆ ಮೂರು ಕಲ್ಲು ಇಳಿದಲ್ಲಿ ಸಿಗುತ್ತಿದ್ದವು. ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಕಂಪನಿ ಪರದೆ, ವೇಷ, ಕಲಾವಿದರ ಸಂಸಾರ ಎಲ್ಲವನ್ನೂ ಹೊತ್ತು ಊರೂರು ತಿರುಗಿದ ಸೀಮೆ ನಮ್ಮದು. ಸಂಚಾರಿ ಬದುಕು ಇಲ್ಲಿಗೆ ಟೀವಿಯಿಂದ ಬರಬೇಕಾಗಿರಲಿಲ್ಲ.

ಗೂಡು ಕಟ್ಟುವ ಮೊದಲು

ಭಾವ ಆತುರದವರಾದರೂ ಕಾಗದಪತ್ರದ ವಿಷಯದಲ್ಲಿ ಗಟ್ಟಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ, ನೋಂದಣಿ ಪತ್ರದಲ್ಲಿರುವ ತಯಾರಕರ ವಿವರಕ್ಕೂ ವಾಹನಕ್ಕೂ ವ್ಯತ್ಯಾಸ ಬರುವ ಹಾಗೆ ಮಾರ್ಪಾಡು ಮಾಡುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಆದ್ದರಿಂದ ಸಾರಿಗೆ ಕಚೇರಿಯಲ್ಲಿ ವಿಚಾರಿಸಿಕೊಂಡು ಬಂದ ಮೇಲೆಯೇ ವೆಲ್ಡಿಂಗ್ ಅಂಗಡಿಗೆ ಹೋದದ್ದು. ಬಾಡಿಯನ್ನು ಕೊಯ್ಯಲಿಲ್ಲ, ಸೀಟು ಹೆಚ್ಚಿಸಲಿಲ್ಲ. ಬೋಲ್ಟ್ ಬಿಚ್ಚಿದರೆ ಕಳಚಿ ಬರುವ ನಾಲ್ಕು ಕಬ್ಬಿಣದ ಕೊಳವೆ ಕಮಾನು, ಮೇಲೆ ದಪ್ಪ ಟಾರ್ಪಾಲು. ಅಜ್ಜಿಯ ಗಾಡಿಯೇ ಮತ್ತೆ ಬಂತು!

ಅವರದು ಎರಡು ಸಾಲು ಸೀಟಿನ ಪಿಕಪ್, ಐದು ಜನ ಕೂರಬಹುದು. ಆದರೆ ಕ್ಯಾಬಿನ್ ಉದ್ದವಾದಷ್ಟೂ ಹಿಂದಿನ ಬಾಡಿ ಮೊಟಕು: ನಾಲ್ಕೂವರೆ ಅಡಿ. ಕಾಲು ಚಾಚುವಂತಿಲ್ಲ. ಬಡಗಿ ಇದಕ್ಕೆ ಉಪಾಯ ಹುಡುಕಿದ. ನೆಲದಿಂದ ಒಂದಡಿ ಎತ್ತರಕ್ಕೆ ಪ್ಲೈವುಡ್ ಮಂಚ, ಅದರ ಅಡಿಯಲ್ಲಿ ಪಾತ್ರೆ, ದಿನಸಿ, ಬಟ್ಟೆಗೆ ಮೂರು ಪೆಟ್ಟಿಗೆ. ರಾತ್ರಿ ಹಿಂಬಾಗಿಲು ಕೆಳಗಿಳಿಸಿ ಮಂಚದ ಇನ್ನೊಂದು ತುಂಡನ್ನು ಅದರ ಮೇಲೆ ಗೂಟ ಕೊಟ್ಟು ಹೊಂದಿಸಿದರೆ ಒಟ್ಟು ಆರಡಿ. ಹೊರಚಾಚಿದ ಭಾಗಕ್ಕೆ ಟಾರ್ಪಾಲಿನದೇ ಸೆರಗು.

ಪಿಯುಸಿ ಓದುವ ಮಗಳು ಲೆಕ್ಕದ ಪುಸ್ತಕ ತಂದು ಕೂತಳು. ನೋಂದಣಿ ಪತ್ರದಲ್ಲಿ ಗಾಡಿಯ ಒಟ್ಟು ತೂಕದ ಮಿತಿಯಿರುತ್ತದೆ, ಬರಿಗಾಡಿಯ ತೂಕವೂ ಇರುತ್ತದೆ. ಇವೆರಡರ ವ್ಯತ್ಯಾಸದೊಳಗೆ ಮನುಷ್ಯರೂ ಸಾಮಾನೂ ಅಡಗಬೇಕು. 12 ಮಿಲಿಮೀಟರಿನ ಒಂದು ಪ್ಲೈವುಡ್ ಹಲಗೆ 20 ಕಿಲೋ ಮೀರುತ್ತದೆ. 40 ಲೀಟರ್ ನೀರೆಂದರೆ 40 ಕಿಲೋ. "ಭಾರದ್ದೆಲ್ಲ ಕೆಳಗಿರಲಿ, ಕಮಾನಿನ ಮೇಲೆ ಏನೂ ಬೇಡ. ಗುರುತ್ವ ಕೇಂದ್ರ ಮೇಲಕ್ಕೆ ಹೋದರೆ ತಿರುವಿನಲ್ಲಿ ಗಾಡಿ ವಾಲುತ್ತೆ" ಎಂದಳು. ಇಂಜಿನ್ನಿನ ಬ್ಯಾಟರಿಯನ್ನು ಮುಟ್ಟದೆ ದೀಪಕ್ಕೆಂದೇ ಬೇರೆ ಬ್ಯಾಟರಿ: 12 ವೋಲ್ಟ್, 100 ಆಂಪಿಯರ್ ಅವರ್. ಗುಣಿಸಿದರೆ 1200 ವ್ಯಾಟ್ ಅವರ್. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದು ಮಾಡಬಾರದಾದ್ದರಿಂದ ಲೆಕ್ಕಕ್ಕೆ 600. ಎರಡು ದೀಪ, ಒಂದು ಸಣ್ಣ ಫ್ಯಾನು, ಮೂರು ಮೊಬೈಲು ಸೇರಿ ರಾತ್ರಿಗೆ 200ರ ಆಸುಪಾಸು. ಮೂರು ರಾತ್ರಿಗೆ ಅಡ್ಡಿಯಿಲ್ಲ.

ಆರನೆಯ ಸೀಟು

ಹೊರಡುವ ಹಿಂದಿನ ದಿನ ಅಜ್ಜಿ ತಾನೂ ತವರಿಗೆ ಬರುತ್ತೇನೆಂದರು. ಭಾವ, ಅಕ್ಕ, ಇಬ್ಬರು ಮಕ್ಕಳು, ನಾನು, ಅಜ್ಜಿ: ಆರು ಜನ, ಐದು ಸೀಟು. "ನಾನು ಹಿಂದೆ ಮಂಚದ ಮೇಲೆ ಮಲಗಿಕೊಂಡೇ ಬರ್ತೀನಿ!" ಎಂದು ಹುಡುಗ ಕುಣಿದ. ತೋಟದ ಆಳುಗಳನ್ನು ಎಷ್ಟೋ ಸಲ ಹಾಗೆ ಕರೆತಂದಿದ್ದ ಭಾವ ಅರ್ಧ ಒಪ್ಪಿದ್ದರು. ಅಕ್ಕ ಒಪ್ಪಲಿಲ್ಲ. "ಅಲ್ಲಿ ಬೆಲ್ಟಿಲ್ಲ, ಹಿಡಿಯೋಕೆ ಗೋಡೆಯಿಲ್ಲ. ಬ್ರೇಕ್ ಹಾಕಿದರೆ ಮಗ ಎಲ್ಲಿರ್ತಾನೆ?" ಎಂದು ಕೇಳಿದಳು. ಯಾರಲ್ಲೂ ಉತ್ತರವಿರಲಿಲ್ಲ. ಸಾಮಾನು ಹೊರುವ ಜಾಗದಲ್ಲಿ ಜನರನ್ನು ಕೂರಿಸುವುದು ಕಾನೂನಿಗೂ ವಿರುದ್ಧ. ಭಾವ ಮೆತ್ತಗೆ, "ಆಳುಗಳಿಗೂ ಇನ್ನು ಮೇಲೆ ಆಟೋ ಮಾಡಬೇಕು" ಎಂದರು. ನಾನು ಸೀಟು ಬಿಟ್ಟುಕೊಟ್ಟು ಬಸ್ ಹತ್ತಿದೆ.

ತುಮಕೂರಿನಿಂದ ಕುಣಿಗಲ್ 40 ಕಿ.ಮೀ. ಒಳಗೇ ಇದೆ. ಜನಪದ ಹಾಡಿನಲ್ಲಿ ಹೆಸರಾದ ಕೆರೆ, ಕುದುರೆ ಫಾರಂ ನೋಡಿಕೊಂಡು ಹಾಸನದ ಹೆದ್ದಾರಿ ಹಿಡಿದರೆ ಮುಂದೆ ಯಡಿಯೂರು. ತೋಂಟದ ಸಿದ್ಧಲಿಂಗ ಯತಿಗಳ ಗದ್ದುಗೆಯ ಮುಂದೆ ಎಲ್ಲರೂ ಕೂಡಿಕೊಂಡೆವು. ಸಂಜೆಗೆ ಅಜ್ಜಿಯ ತವರಿನ ತೆಂಗಿನ ತೋಟದಲ್ಲಿ ಬಿಡಾರ. ಕಾಯಿ ಬೀಳುವ ಮರದಡಿ ಬೇಡವೆಂದು ಕಣದ ಬಯಲಿನಲ್ಲಿ ಗಾಡಿ ನಿಲ್ಲಿಸಿದರು. ಹೆಂಗಸರು ಗೂಡಿನಲ್ಲಿ, ಗಂಡಸರು ಡೇರೆಯಲ್ಲಿ.

ಹತ್ತು ಗಂಟೆಗೆ ಗುಡುಗಿನ ಮಳೆ ಸುರಿಯಿತು. ಡೇರೆ ಸೋರಿತು. ಆರೂ ಜನ ಗೂಡಿನೊಳಗೆ ಮುದುರಿ ಕುಳಿತೆವು. ಎರಚಲು ತಡೆಯಲು ಸೆರಗನ್ನೆಲ್ಲ ಬಿಗಿಯಾಗಿ ಕಟ್ಟಿದ್ದಾಯಿತು. ಅಜ್ಜಿ ಚಳಿಗೆ ನಡುಗುತ್ತಿದ್ದರು. ಭಾವ ಗ್ಯಾಸ್ ಒಲೆ ಎಳೆದುಕೊಂಡು, "ಅವ್ವನಿಗೊಂದು ಲೋಟ ಕಾಫಿ ಮಾಡ್ತೀನಿ, ಗೂಡೂ ಬೆಚ್ಚಗಾಗುತ್ತೆ" ಎಂದು ಬೆಂಕಿಪೊಟ್ಟಣ ತೆಗೆದರು.

"ಬೇಡಿ ಅಪ್ಪಾಜಿ!" ಎಂದು ಮಗಳು ಅವರ ಕೈ ಹಿಡಿದುಬಿಟ್ಟಳು.

ಭಾವನಿಗೆ ಸಿಟ್ಟು ಬಂತು. ಅವಳು ಬಿಡಲಿಲ್ಲ. ಮುಚ್ಚಿದ ಜಾಗದಲ್ಲಿ ಆಮ್ಲಜನಕ ಸಾಲದೆ ಉರಿ ಅರೆಬರೆಯಾದರೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಗಿಲಾಗಿ ಅಂಟಿಕೊಳ್ಳುತ್ತದೆ. ತಲೆನೋವು, ಮಂಪರು, ನಿದ್ದೆಯೆಂದುಕೊಂಡವರು ಏಳುವುದಿಲ್ಲ. "ಪಾಠದಲ್ಲಿದೆ ಅಪ್ಪಾಜಿ, ಪರೀಕ್ಷೆಗೂ ಕೇಳಿದ್ರು" ಎಂದಳು. ಅಜ್ಜಿ, "ಕಮಾನಿನೊಳಗೆ ನಾವು ಎಂದೂ ಬೆಂಕಿ ತಂದವರಲ್ಲ ಕಣಪ್ಪ" ಎಂದರು. ಭಾವ ಪೊಟ್ಟಣವನ್ನು ಜೇಬಿಗೆ ಹಾಕಿಕೊಂಡರು. ಟಾರ್ಪಾಲಿನ ಎದುರುಬದುರು ಮೂಲೆಗಳನ್ನು ಒಂದೊಂದು ಗೇಣು ಸಡಿಲಿಸಿದೆವು. ಆಗ ಇನ್ನೊಂದು ಗುಟ್ಟೂ ತಿಳಿಯಿತು. ತಲೆಯ ಮೇಲೆ ತೊಟ್ಟಿಕ್ಕುತ್ತಿದ್ದ ನೀರು ಮಳೆಯದಲ್ಲ, ನಮ್ಮದೇ ಉಸಿರಿನ ಹಬೆ ತಣ್ಣನೆಯ ಟಾರ್ಪಾಲಿಗೆ ತಾಗಿ ಹನಿಯಾದದ್ದು. ಗಾಳಿ ಆಡಿದ ಮೇಲೆ ಅದು ನಿಂತಿತು.

ಮಳೆ ನಿಂತ ಮೇಲೆ ಹೊರಗೆ ಕಣದಲ್ಲಿ ಒಲೆ ಹಚ್ಚಿ ಕಾಫಿ ಕುಡಿದೆವು. ಬೆಳಿಗ್ಗೆ ಶಿಂಷಾ ನದಿಯ ಮಾರ್ಕೋನಹಳ್ಳಿ ಅಣೆಕಟ್ಟೆಗೆ ಹೋದಾಗ, ನೀರು ಮಟ್ಟ ಮೀರಿದರೆ ಯಾರೂ ಮುಟ್ಟದೆ ತಾನೇ ಹೊರಹಾಕುವ ಸೈಫನ್‌ಗಳನ್ನು ಭಾವ ಬಹಳ ಹೊತ್ತು ನೋಡಿದರು. "ಹೆಚ್ಚಾದದ್ದು ಹೊರಗೆ ಹೋಗೋಕೆ ದಾರಿ ಇರಬೇಕು, ಅಲ್ವೇನಮ್ಮ?" ಎಂದು ಮಗಳನ್ನು ಕೇಳಿದರು.

ಶೆಟ್ಟಿಹಳ್ಳಿಗೆ ಮರಳಿದ ಮೇಲೆ ಟಾರ್ಪಾಲಿನ ಎರಡೂ ತುದಿಗೆ ಜಾಲರಿಯ ಕಿಂಡಿ ಹೊಲಿಸಿದ್ದಾರೆ. ಒಲೆಯ ಪೆಟ್ಟಿಗೆ ಈಗ ಹೊರಬದಿಗೆ ತೆರೆಯುತ್ತದೆ. ರಜೆ ಮುಗಿಯಿತು, ಕಮಾನು ಬಿಚ್ಚಿ ಅಟ್ಟದ ಮೇಲಿಟ್ಟು ಗಾಡಿ ಮತ್ತೆ ತೆಂಗಿನಕಾಯಿ ಹೊರುತ್ತಿದೆ. ಮುಂದಿನ ರಜೆಗೆ ಮಲೆನಾಡಂತೆ. ಆರನೆಯವನಾದ ನನಗೆ ಬಸ್ಸಿನ ವೇಳಾಪಟ್ಟಿಯನ್ನು ಹುಡುಗ ಈಗಲೇ ಬರೆದುಕೊಟ್ಟಿದ್ದಾನೆ.