ಅಮ್ಮನ ಕಾಲಂನಲ್ಲಿ ಏನು ಬರೆದೆ? (ಲೆಕ್ಕದೊಳಗಿನ ಜನ – ಭಾಗ 4)

ಡಿಗ್ರಿ ಎರಡನೇ ವರ್ಷದ ಪ್ರಾಜೆಕ್ಟ್. ನಮ್ಮೂರಲ್ಲಿ 20 ಮನೆ ಸರ್ವೆ ಮಾಡಬೇಕಿತ್ತು. ಮೊದಲು ಕೈ ಪಳಗಲಿ ಅಂತ ನಮ್ಮನೆ ಫಾರಂ ತುಂಬೋಕೆ ಕೂತೆ.

ಅಪ್ಪ: ಬೇಸಾಯ. ನಾನು: ವಿದ್ಯಾರ್ಥಿನಿ.

"ಅಮ್ಮ, ನಿಂಗೇನು ಕೆಲಸ ಅಂತ ಬರೀಲಿ?"

ಅಮ್ಮ ಹಾಲಿನ ಕ್ಯಾನ್ ಹಿಡ್ಕೊಂಡು ಡೈರಿಗೆ ಹೊರಟಿದ್ದಳು. "ಏನ್ ಕೆಲ್ಸ ಕಣೇ, ಮನೇಲಿರೋದು ಅಂತ ಬರ್ಕೋ" ಅಂದಳು.

ನಾನೂ ಹಾಗೇ ಬರ್ಕೊಂಡೆ!

ಫಾರಂ ನೋಡಿದ ನಮ್ಮ ಮ್ಯಾಮ್ ಬೈಯಲಿಲ್ಲ. ಕೆಳಗಿದ್ದ ಜಾನುವಾರು ಕಾಲಂ ಮೇಲೆ ಬೆರಳಿಟ್ಟು, "2 ಹಸು ಇದೆ ಅಂತ ಬರೆದಿದ್ದೀಯ. ಹಾಲು ಕರೆಯೋರು ಯಾರು?" ಅಂತ ಕೇಳಿದರು.

ನಿಮಗೂ ಗೊತ್ತಿರಲಿ. 2001ರ ಜನಗಣತಿಯ ನಿಯಮದ ಪ್ರಕಾರ ಕೆಲಸಗಾರರು ಅನ್ನಿಸಿಕೊಳ್ಳೋಕೆ ಸಂಬಳ ಬರಲೇಬೇಕು ಅಂತಿಲ್ಲ. ಸ್ವಂತ ಹೊಲದಲ್ಲಿ ದುಡಿದರೂ ಲೆಕ್ಕಕ್ಕೆ ಬರುತ್ತೆ. ಹಾಲನ್ನು ಮಾರದೆ ಬರೀ ಮನೆಗೇ ಬಳಸಿದರೂ ಹೈನುಗಾರಿಕೆ ಕೆಲಸವೇ. ವರ್ಷದಲ್ಲಿ 183 ದಿನ ಅಥವಾ ಹೆಚ್ಚು ಮಾಡಿದರೆ ಮೇನ್ ವರ್ಕರ್, ಕಡಿಮೆಯಾದರೆ ಮಾರ್ಜಿನಲ್ ವರ್ಕರ್. ನಮ್ಮಮ್ಮ ಹಬ್ಬದ ದಿನವೂ ಕೊಟ್ಟಿಗೆ ಬಿಟ್ಟವಳಲ್ಲ. ನಿಯಮ ಅವಳನ್ನು ಬಿಟ್ಟಿರಲಿಲ್ಲ, ಬಿಟ್ಟಿದ್ದು ನಾನು.

ಸ್ಯಾಂಪಲ್ ದೊಡ್ಡದಾದಷ್ಟೂ ತಪ್ಪು ಕಡಿಮೆ ಅಂತ ಕ್ಲಾಸಲ್ಲಿ ಓದಿದ್ವಲ್ಲ? ಅದು ಬೇರೆ ತಪ್ಪು. 20 ಮನೆ ಬದಲು 2,000 ಮನೆಗೆ ಹೋಗಿ "ಏನು ಕೆಲಸ?" ಅಂತಲೇ ಕೇಳಿದ್ದರೆ, ಇದೇ ತಪ್ಪು ಇನ್ನೂ ಎಷ್ಟೋ ಫಾರಂಗಳಲ್ಲಿ ನೀಟಾಗಿ ಕೂತಿರುತ್ತಿತ್ತು. ಪ್ರಶ್ನೆಯೇ ಸರಿ ಇಲ್ಲದಿದ್ದರೆ ಸಂಖ್ಯೆ ಎಷ್ಟು ದೊಡ್ಡದಾದರೂ ಕಾಪಾಡಲ್ಲ.

ಸರಿ, ಹಸು ಲೆಕ್ಕಕ್ಕೆ ಬಂತು. ಅಡುಗೆ, ಪಾತ್ರೆ, ಬಟ್ಟೆ? ಜನಗಣತಿಯಲ್ಲಿ ಬರೀ ಮನೆಗೆಲಸ ಮಾಡುವವರು ಕೆಲಸಗಾರರಲ್ಲ. ಅದನ್ನು ಅಳೆಯೋಕೆ ಬೇರೆ ವಿಧಾನ ಇದೆ: ಟೈಮ್ ಯೂಸ್ ಸರ್ವೆ. 2019ರಲ್ಲಿ ರಾಷ್ಟ್ರೀಯ ಅಂಕಿಅಂಶ ಕಚೇರಿ ಇದನ್ನು ದೇಶದಾದ್ಯಂತ ನಡೆಸಿತು. ಅಲ್ಲಿ "ಏನು ಕೆಲಸ?" ಅಂತ ಕೇಳಿ ಮುಗಿಸಲ್ಲ. ನಿನ್ನೆ ಬೆಳಗಿನ ಜಾವ 4 ಗಂಟೆಯಿಂದ ಇವತ್ತು 4ರವರೆಗೆ, ಅರ್ಧರ್ಧ ಗಂಟೆಗೆ ಏನು ಮಾಡಿದಿರಿ ಅಂತ ಕೇಳ್ತಾರೆ.

ಸಂಬಳವಿಲ್ಲದ ಮನೆಗೆಲಸಕ್ಕೆ ದಿನಕ್ಕೆ ಹೆಂಗಸರು 299 ನಿಮಿಷ, ಗಂಡಸರು 97 ನಿಮಿಷ ಅಂತ ಬಂತು.

97 ಪರವಾಗಿಲ್ಲ ಅನ್ನಿಸ್ತಾ? ನನಗೂ ಅನ್ನಿಸಿತ್ತು. ಆದರೆ ಇದು ಆ ದಿನ ಮನೆಗೆಲಸ ಮಾಡಿದವರ ಸರಾಸರಿ ಮಾತ್ರ. ಹೆಂಗಸರಲ್ಲಿ ಮಾಡಿದವರು ಶೇ. 81.2, ಗಂಡಸರಲ್ಲಿ ಶೇ. 26.1. ಏನೂ ಮಾಡದವರನ್ನೂ ಸೇರಿಸಿ ಭಾಗಿಸಿದರೆ ಗಂಡಸರದ್ದು ಸುಮಾರು 25 ನಿಮಿಷಕ್ಕೆ ಇಳಿಯುತ್ತೆ, ಹೆಂಗಸರದ್ದು 243. ಸರಾಸರಿ ಕಂಡಾಗಲೆಲ್ಲ ಮೊದಲು ಕೇಳಿ: ಯಾರ ಸರಾಸರಿ?

ಆ ರಾತ್ರಿ ಅಮ್ಮನನ್ನು ಕೂರಿಸಿಕೊಂಡು 48 ಗೆರೆ ಎಳೆದು ಅವಳ ದಿನ ಬರೆದೆ. "ಇದನ್ನೆಲ್ಲಾ ಯಾರೇ ಬರೀತಾರೆ?" ಅಂತ ನಗುತ್ತಲೇ ಹೇಳ್ತಾ ಹೋದಳು. ಕೊನೆಗೆ ನಾನು ಓದಿ ಹೇಳಿದಾಗ ತಡೆದಳು.

"ಏಳು ಗಂಟೇದು ಬಿಟ್ಟೆ ನೋಡು. ನಿನ್ ಡಬ್ಬಿ ಕಟ್ಟಿದ್ದು."

ಮರುದಿನ ಫಾರಂ ಹಿಡಿದು ಮಿಕ್ಕ 19 ಮನೆಗೆ ಹೊರಟೆ. ಈ ಸಲ ಯಾರನ್ನೂ "ಏನು ಕೆಲಸ?" ಅಂತ ಕೇಳಲಿಲ್ಲ. "ಬೆಳಿಗ್ಗೆ ಎದ್ದು ಮೊದಲು ಏನ್ ಮಾಡ್ತೀರಿ ಅಕ್ಕ?" ಅಂತ ಶುರು ಮಾಡಿದೆ.

ನೀವೂ ಇವತ್ತು ಮನೇಲಿ ಒಬ್ಬರ ದಿನ ಹೀಗೆ ಬರೆದು ನೋಡಿ. ಯಾವ ಗೆರೆ ನಿಮ್ಮ ಕಣ್ಣಿಗೆ ಬಿದ್ದಿರಲಿಲ್ಲ ಅಂತ ಕೆಳಗೆ ಹೇಳಿ.