ಟ್ರ್ಯಾಕ್ಟರಿನ ಎರಡು ಬ್ರೇಕು

ಕಳೆದ ವರ್ಷ ನಮ್ಮ ಚಿಕ್ಕಪ್ಪನ ಕಣ್ಣು ಹಳದಿಯಾದಾಗ ಮನೆಯವರೆಲ್ಲ ಕಾಮಾಲೆ ಅಂದರು. ನಾಟಿ ಔಷಧಿ ಕುಡಿಸಿದರು, ಪಥ್ಯ ಮಾಡಿಸಿದರು. ನಾನೂ ಸುಮ್ಮನಿದ್ದೆ. ಸ್ಕ್ಯಾನ್ ಮಾಡಿಸುವಷ್ಟರಲ್ಲಿ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಲಿವರ್‌ಗೆ ಹರಡಿತ್ತು. ಜಠರದ ಹಿಂದೆ ಇರುವ, ಇನ್ಸುಲಿನ್ ತಯಾರಿಸುವ ಅಂಗ ಅದು. ಮೂರು ತಿಂಗಳಲ್ಲಿ ಚಿಕ್ಕಪ್ಪ ಹೋದರು.

ಕಾರ್ಯ ಮುಗಿದ ಮೇಲೆ ಅವರ ಮಗಳು ಕೇಳಿದಳು: "ಅಣ್ಣಾ, ಇದು ನನಗೂ ಬರುತ್ತಾ?"

ಕ್ಯಾನ್ಸರ್ ಜಾಗೃತಿ ಶಿಬಿರದ ಸುದ್ದಿ ಎಷ್ಟೋ ಕಳಿಸಿದವನು ನಾನು. ಆದರೂ ಉತ್ತರ ಗೊತ್ತಿರಲಿಲ್ಲ. ಓದಿದೆ, ಪರಿಚಯದ ಡಾಕ್ಟರನ್ನು ಕೇಳಿದೆ. ಆಮೇಲೆ ಅಂಗಳದಲ್ಲಿ ನಿಂತಿದ್ದ ಚಿಕ್ಕಪ್ಪನ ಟ್ರ್ಯಾಕ್ಟರನ್ನೇ ತೋರಿಸಿ ಅವಳಿಗೆ ಹೇಳಿದೆ.

ನಮ್ಮ ಜೀವಕೋಶಗಳಲ್ಲಿ ಬೆಳವಣಿಗೆಗೆ ಎಕ್ಸಲರೇಟರ್‌ನಂಥ ಜೀನ್‌ಗಳಿವೆ. ಈ ಕ್ಯಾನ್ಸರ್ ಬಂದ ಹತ್ತರಲ್ಲಿ ಸುಮಾರು ಒಂಬತ್ತು ಜನರಲ್ಲಿ ಕೆ-ರಾಸ್ ಎಂಬ ಎಕ್ಸಲರೇಟರ್ ಒತ್ತಿದಲ್ಲೇ ಸಿಕ್ಕಿಕೊಂಡಿರುತ್ತದೆ. ಅಷ್ಟಕ್ಕೇ ಗಾಡಿ ಹಳ್ಳಕ್ಕೆ ಬೀಳುವುದಿಲ್ಲ, ಬ್ರೇಕ್ ಜೀನ್‌ಗಳೂ ಇವೆ. ಪಿ-16 ಕೋಶ ಒಂದು ಎರಡಾಗುವುದನ್ನು ತಡೆಯುತ್ತದೆ. ಪಿ-53 ಕೆಟ್ಟ ಕೋಶವನ್ನು ರಿಪೇರಿಗೆ ನಿಲ್ಲಿಸುತ್ತದೆ, ರಿಪೇರಿ ಆಗದಿದ್ದರೆ ಸಾಯಿಸುತ್ತದೆ. "ಬೆಳೆದದ್ದು ಸಾಕು" ಎಂದು ಹೊರಗಿನಿಂದ ಬರುವ ಸೂಚನೆಯನ್ನು ಒಳಗೆ ಮುಟ್ಟಿಸುವುದು ಸ್ಮ್ಯಾಡ್-4. ಈ ಜೀನ್ 1996ರಲ್ಲಿ ಪತ್ತೆಯಾದದ್ದೇ ಮೇದೋಜೀರಕದ ಕ್ಯಾನ್ಸರಿನ ಅಧ್ಯಯನದಲ್ಲಿ.

ಟ್ರ್ಯಾಕ್ಟರಿಗೆ ಎಡಕ್ಕೊಂದು ಬಲಕ್ಕೊಂದು ಬ್ರೇಕ್ ಇರುವ ಹಾಗೆ ಈ ಜೀನ್‌ಗಳೂ ಎರಡೆರಡು: ಅಮ್ಮನಿಂದ ಒಂದು, ಅಪ್ಪನಿಂದ ಒಂದು. ಸಾಮಾನ್ಯವಾಗಿ ಎರಡೂ ಕೆಟ್ಟಾಗ ಹಿಡಿತ ತಪ್ಪುತ್ತದೆ. ಅದಕ್ಕೆ ವರ್ಷಗಟ್ಟಲೆ ಬೇಕು. ವಯಸ್ಸಾಗುತ್ತ ಕೆಡುತ್ತವೆ, ಬೀಡಿ, ಸಿಗರೇಟು ಆ ಅಪಾಯ ಹೆಚ್ಚಿಸುತ್ತವೆ. ನೂರರಲ್ಲಿ ಸುಮಾರು ಹತ್ತು ಜನರಿಗೆ ಮಾತ್ರ ಕೆಟ್ಟ ಜೀನ್ ಮನೆತನದಿಂದ ಬಂದಿರುತ್ತದೆ. ಹಾಗೆ ಬಂದವರಿಗೆಲ್ಲ ಕ್ಯಾನ್ಸರ್ ಆಗಿಯೇ ಆಗುತ್ತದೆ ಅಂತಲೂ ಇಲ್ಲ.

"ಅಪ್ಪನಿಗೆ ಬಂದಿತ್ತು ಅಂತ ಡಾಕ್ಟರಿಗೆ ಹೇಳು. ಮನೆತನದಲ್ಲಿ ಬೇರೆ ಯಾರಿಗಾದರೂ ಇದೇ ಕ್ಯಾನ್ಸರ್, ಇಲ್ಲವೇ ಸ್ತನ, ಅಂಡಾಶಯದ ಕ್ಯಾನ್ಸರ್ ಇತ್ತಾ ಅಂತ ವಿಚಾರಿಸು. ಜೀನ್ ಪರೀಕ್ಷೆ ಬೇಕೋ ಬೇಡವೋ ಅವರು ಹೇಳ್ತಾರೆ" ಅಂದೆ. ಅವಳು ತಲೆಯಾಡಿಸಿದಳು. ಪಕ್ಕದಲ್ಲಿದ್ದ ಅವಳ ತಮ್ಮ ಕೈಯಲ್ಲಿದ್ದ ಬೀಡಿ ಕಟ್ಟನ್ನು ನೋಡುತ್ತ ಕೂತಿದ್ದ.

ಚಿಕ್ಕಪ್ಪನಿಗೆ ತೂಕ ಇಳಿದಿತ್ತು, ಹೊಸದಾಗಿ ಶುಗರ್ ಕಾಣಿಸಿತ್ತು, ಮೈ ತುರಿಸುತ್ತಿತ್ತು, ಮಲ ಬಿಳಿಚಿಕೊಂಡಿತ್ತು. ಅದೆಲ್ಲ ಏನು ಹೇಳುತ್ತಿದೆ ಅಂತ ನಮಗೆ ತಿಳಿಯಲಿಲ್ಲ. ನಿಮ್ಮ ಮನೆಯಲ್ಲಿ ಯಾರಿಗಾದರೂ ಹೀಗಾದರೆ ಕಷಾಯ ಕುಡಿಸುತ್ತ ದಿನ ಕಳೆಯಬೇಡಿ. ಮೊದಲು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿ.