ಉಬ್ರಾಣಿಯ ಕೆಸರು, ಮಾಂಟ್ರಿಯಲ್‌ನ ಹಿಮ

ಚಳಿಗಾಲ ಬಂದರೆ ನಾವು ಸ್ವೆಟರ್ ಹಾಕಿಕೊಳ್ಳುತ್ತೇವೆ. ಕಾರಿನ ಚಕ್ರಕ್ಕೂ ಚಳಿಗಾಲಕ್ಕೆಂದೇ ಬೇರೆ ಟೈರು ಹಾಕಬೇಕೆಂದರೆ ನಿಮಗೆ ನಗು ಬರುವುದಿಲ್ಲವೆ? ನನಗೂ ಬಂದಿತ್ತು. "ಇರೋ ಟೈರು ಗಟ್ಟಿಯಾಗೇ ಇದೆಯಲ್ಲ, ಇನ್ನೊಂದು ಜೊತೆ ಯಾಕೆ ದಂಡ?" ಎಂದು ಮಗಳನ್ನೇ ಕೇಳಿದ್ದೆ.

ಹೇಳಿ ಕೇಳಿ ನಾನು ಉಬ್ರಾಣಿಯವಳು. ಚನ್ನಗಿರಿ ತಾಲ್ಲೂಕಿನ ನಮ್ಮ ಹೋಬಳಿಯಲ್ಲಿ ಒಂದು ಕಡೆ ಕಾಡು, ಇನ್ನೊಂದು ಕಡೆ ಅಡಕೆ ತೋಟ. ನಾನು ಮದುವೆಯಾಗಿ ಬಂದಾಗ ಇದು ಶಿವಮೊಗ್ಗ ಜಿಲ್ಲೆ. 1997ರಲ್ಲಿ ದಾವಣಗೆರೆಗೆ ಸೇರಿತು. ಜಿಲ್ಲೆ ಬದಲಾದರೂ ಮಳೆಗಾಲದಲ್ಲಿ ತೋಟದ ದಾರಿಯ ಕೆಸರು ಬದಲಾಗಲಿಲ್ಲ ಅನ್ನಿ! ಆ ಕೆಸರಲ್ಲಿ ಗಾಡಿ ಹೂತದ್ದನ್ನು ಎಷ್ಟು ಸಲ ಕಂಡಿದ್ದೇನೋ ಲೆಕ್ಕವಿಲ್ಲ. ಹಿಮವನ್ನು ಮಾತ್ರ ಸಿನಿಮಾದಲ್ಲಿ ಬಿಟ್ಟರೆ ಬೇರೆಲ್ಲೂ ನೋಡಿರಲಿಲ್ಲ.

2022ರ ನವೆಂಬರಿನಲ್ಲಿ ಮಗಳ ಬಾಣಂತನಕ್ಕೆಂದು ಕೆನಡಾದ ಮಾಂಟ್ರಿಯಲ್‌ಗೆ ಹೊರಟೆ. ಚೀಲದ ತುಂಬ ಓಮ, ಒಣಶುಂಠಿ, ಮೆಣಸು, ಮೆಂತ್ಯ. ಮಗಳಿಗೆ ಏಳು ತಿಂಗಳು. ಜನವರಿ ಕೊನೆಗೆ ದಿನ ತುಂಬುತ್ತದೆ ಎಂದಿದ್ದರು. ಮಾಂಟ್ರಿಯಲ್ ಒಂದು ದೊಡ್ಡ ನದಿಯ ನಡುವಿನ ದ್ವೀಪ. ಊರ ಮಧ್ಯೆ ಒಂದು ಗುಡ್ಡ, ಆದ್ದರಿಂದ ಬೀದಿಗಳಲ್ಲಿ ಏರು ಇಳಿಜಾರು. ಒಂದು ಚಳಿಗಾಲಕ್ಕೆ ಸುಮಾರು 2 ಮೀಟರ್ ಹಿಮ ಬೀಳುತ್ತದಂತೆ. ಒಟ್ಟು ಹಾಕಿದರೆ ನನ್ನ ತಲೆಯನ್ನೂ ದಾಟಿತು!

ಮೊದಲ ಹಿಮ, ಮೊದಲ ಜಾರು

ನಾನು ಹೋದ ಹೊಸತರಲ್ಲೇ, ನವೆಂಬರ್ ಮಧ್ಯದಲ್ಲಿ, ಬೆಳಗಾಗುವಷ್ಟರಲ್ಲಿ ಬೀದಿಯೆಲ್ಲ ಬೆಳ್ಳಗಾಗಿತ್ತು. ಅರಳೆ ಹಿಂಜಿ ಹರಡಿದ ಹಾಗೆ. ಕಿಟಕಿಯಲ್ಲಿ ನಿಂತು ಮಗುವಿನ ಹಾಗೆ ಚಪ್ಪಾಳೆ ಹೊಡೆದೆ. ಸಂಜೆ ಮಗಳನ್ನು ತಪಾಸಣೆಗೆ ಕರೆದುಕೊಂಡು ಹೊರಟೆವು. ಮನೆಯ ಹತ್ತಿರದ ಇಳಿಜಾರಿನಲ್ಲಿ ಅಳಿಯ ಬ್ರೇಕ್ ಒತ್ತಿದರು. ಕಾರು ನಿಲ್ಲಲಿಲ್ಲ. ಸದ್ದಿಲ್ಲದೆ, ಎಣ್ಣೆ ಸವರಿದ ತಟ್ಟೆಯ ಮೇಲೆ ಜಾರಿದ ಹಾಗೆ ಜಾರಿ, ಅಡ್ಡರಸ್ತೆಯ ನಡುಮಧ್ಯೆ ಹೋಗಿ ನಿಂತಿತು. ಆ ಹೊತ್ತಿಗೆ ಯಾವ ಗಾಡಿಯೂ ಬರಲಿಲ್ಲ. ನಾನು ತಿರುಗಿ ನೋಡಿದರೆ ಮಗಳು ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡಿದ್ದಾಳೆ. ಆಮೇಲೆ ಕಾರಿನಲ್ಲಿ ಯಾರೂ ಮಾತಾಡಲಿಲ್ಲ.

ಆ ರಾಜ್ಯದಲ್ಲಿ, ಅಂದರೆ ಕ್ವಿಬೆಕ್‌ನಲ್ಲಿ, ಚಳಿಗಾಲದ ಟೈರು ಕಾನೂನಿನ ಪ್ರಕಾರ ಕಡ್ಡಾಯ. 2008ರಲ್ಲಿ ಬಂದ ನಿಯಮ. ಮೊದಲು ಡಿಸೆಂಬರ್ 15ರಿಂದ ಇತ್ತು, 2019ರಿಂದ ಡಿಸೆಂಬರ್ 1ಕ್ಕೆ ಹಿಂದೂಡಿದ್ದಾರೆ. ಮಾರ್ಚ್ 15ರ ತನಕ. ಅಳಿಯ ತಿಂಗಳ ಕೊನೆಗೆ ಹಾಕಿಸೋಣ ಎಂದು ಲೆಕ್ಕ ಹಾಕಿದ್ದರು. ಆದರೆ ಹಿಮ ಕಾನೂನು ಪುಸ್ತಕ ಓದಿ ಬೀಳುತ್ತದೆಯೆ?

ಒಂದು ಎತ್ತಿಗೆ ಮಾತ್ರ ಲಾಳ?

ಮಾರನೆಯ ದಿನ ರಾತ್ರಿ ಗಂಡ ಹೆಂಡತಿ ಲೆಕ್ಕದ ಪುಸ್ತಕ ಹಿಡಿದು ಕೂತರು. ಮಗಳಿಗೆ ರಜೆ, ಮನೆ ಬಾಡಿಗೆ, ತೊಟ್ಟಿಲು, ಮಗುವಿನ ಸೀಟು... ಅಳಿಯ ಹೇಳಿದರು, "ಎಂಜಿನ್ ಎಳೆಯೋದು ಮುಂದಿನ ಚಕ್ರನ. ಈ ವರ್ಷ ಮುಂದಕ್ಕೆ ಎರಡು ಹಾಕಿಸಿಬಿಡೋಣ ಅತ್ತೆ, ಹಿಂದಿನದು ಮುಂದಿನ ವರ್ಷ ನೋಡೋಣ."

ಟೈರಿನ ಅಂಗಡಿಗೆ ನಾನೂ ಹೋಗಿದ್ದೆ. ಅಲ್ಲಿದ್ದ ವಯಸ್ಸಾದ ಮೆಕ್ಯಾನಿಕ್ ಎರಡು ಟೈರು ಎಂದ ಕೂಡಲೆ ತಲೆ ಅಲ್ಲಾಡಿಸಿದ. ಮುಂದಿನದು ಹಿಡಿದು ನಿಲ್ಲುತ್ತದೆ, ಹಿಂದಿನದು ಜಾರುತ್ತದೆ. ತಿರುವಿನಲ್ಲಿ ಕಾರಿನ ಹಿಂಭಾಗ ಸುತ್ತಿ ಮುಂದಕ್ಕೇ ಬರುತ್ತದೆ ಎಂದು ಕೈಯಲ್ಲಿ ಅಭಿನಯಿಸಿ ತೋರಿಸಿದ. ಅವನ ಭಾಷೆ ನನಗೆ ತಿಳಿಯದು, ಆದರೆ ಆ ಕೈ ತಿಳಿಯಿತು. "ಜೋಡೆತ್ತಿನಲ್ಲಿ ಒಂದಕ್ಕೆ ಮಾತ್ರ ಲಾಳ ಹೊಡೆಸಿದ ಹಾಗಾಯ್ತಲ್ಲ!" ಎಂದೆ. ಅಳಿಯನಿಗೆ ನಗು ಬಂತು, ಆದರೆ ಮುಖ ಸಣ್ಣದಾಯಿತು. ನಾಲ್ಕು ಟೈರು, ನಾಲ್ಕು ಉಕ್ಕಿನ ರಿಮ್ಮು ಸೇರಿ ಸಾವಿರ ಡಾಲರ್ ದಾಟುತ್ತಿತ್ತು.

ಅಡಕೆ ಮಾರಿದ ದುಡ್ಡಿನಲ್ಲಿ ಮೊಮ್ಮಗುವಿಗೆ ಬಂಗಾರ ಮಾಡಿಸಲೆಂದು ಒಂದಿಷ್ಟು ಎತ್ತಿಟ್ಟು ತಂದಿದ್ದೆ. ಕೊಡಹೋದರೆ ಅಳಿಯ ಒಪ್ಪಲೊಲ್ಲರು. ಅತ್ತೆಯ ದುಡ್ಡಿನಲ್ಲಿ ಟೈರು ಹಾಕಿಸುವುದೆ? ಸ್ವಾಭಿಮಾನದ ಮನುಷ್ಯ. ನಾನೂ ಬಿಡಲಿಲ್ಲ. "ಇದು ನಿಮಗೆ ಕೊಟ್ಟಿದ್ದಲ್ಲ ಕಣ್ರೀ. ತೊಟ್ಟಿಲು ಶಾಸ್ತ್ರದ ಉಡುಗೊರೆ, ಮಗುವಿಗೆ. ಎರಡು ತಿಂಗಳು ಮೊದಲೇ ಕೊಟ್ಟೆ ಅಂದುಕೊಳ್ಳಿ" ಎಂದೆ. ಬಹಳ ಹೊತ್ತು ಸುಮ್ಮನಿದ್ದು, "ಮಗುವಿಗೆ ಅಂದ್ರೆ ಬೇಡ ಅನ್ನೋಕೆ ನಾನ್ಯಾರು ಅತ್ತೆ" ಎಂದರು.

ಟೈರಿನಲ್ಲೇನು ಗುಟ್ಟು?

ತುಪ್ಪ ಚಳಿಗೆ ಗಟ್ಟಿಯಾಗುತ್ತದೆ, ಬಿಸಿಲಿಗೆ ಕರಗುತ್ತದೆ. ರಬ್ಬರೂ ಒಂದು ರೀತಿ ಹಾಗೆಯೇ. ಸಾಧಾರಣ ಟೈರು ಸುಮಾರು 7 ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಬಿರುಸಾಗಿ ರಸ್ತೆಯ ಹಿಡಿತ ಕಳೆದುಕೊಳ್ಳುತ್ತದೆ. ಚಳಿಗಾಲದ ಟೈರಿನ ರಬ್ಬರನ್ನು ಚಳಿಯಲ್ಲೂ ಮೆತ್ತಗಿರುವಂತೆ ಹದ ಮಾಡಿರುತ್ತಾರೆ. ಮೇಲೆ ಆಳವಾದ ಗಾಡಿಗಳು, ಅವುಗಳ ನಡುವೆ ಬ್ಲೇಡಿನಲ್ಲಿ ಗೀರಿದಂಥ ನೂರಾರು ಸಣ್ಣ ಸೀಳುಗಳು. ಅವು ಹಿಮವನ್ನು ಕಚ್ಚಿ ಹಿಡಿಯುತ್ತವೆ. ನಮ್ಮ ಕಡೆ ಭದ್ರಾ ನಾಲೆಯ ಗದ್ದೆಗೆ ಇಳಿಯುವ ಮುಂಚೆ ಟ್ರ್ಯಾಕ್ಟರಿಗೆ ಕೇಜ್‌ವೀಲ್ ಹಾಕುವುದಿಲ್ಲವೆ? ನೆಲಕ್ಕೆ ತಕ್ಕ ಚಕ್ರ, ಅಷ್ಟೆ.

ಈ ಟೈರಿನ ತವರು ಫಿನ್ಲೆಂಡ್. 1934ರಲ್ಲಿ ಲಾರಿಗಳಿಗೆಂದು ಮೊದಲು ಮಾಡಿದರು, 1936ರಲ್ಲಿ ಕಾರಿಗೂ ಬಂತು. ಮಾಡಿದ ಕಾರ್ಖಾನೆ ಇದ್ದ ಊರು ನೋಕಿಯಾ! ನಮ್ಮೆಲ್ಲರ ಕೈಯಲ್ಲಿದ್ದ ಮೊಬೈಲಿನ ಹೆಸರೂ ಆ ಊರಿನದೇ.

ಕತ್ತರಿಸಿ ಇಟ್ಟುಕೊಳ್ಳಿ

ನಿಮ್ಮ ಮಕ್ಕಳೂ ಹಿಮದ ನಾಡಿನಲ್ಲಿದ್ದರೆ ಈ ಮಾತುಗಳನ್ನು ಬರೆದು ಕಳಿಸಿ:

• ಟೈರಿನ ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳಿನ ಚಿತ್ರ ಇರಬೇಕು. 'ಎಂ ಪ್ಲಸ್ ಎಸ್' ಎಂಬ ಅಕ್ಷರ ಮಾತ್ರ ಇದ್ದರೆ ಸಾಲದು.

• ಹಾಕಿಸಿದರೆ ನಾಲ್ಕನ್ನೂ ಹಾಕಿಸಿ, ನಾಲ್ಕೂ ಒಂದೇ ಜಾತಿಯವಿರಲಿ.

• ಕಾನೂನಿನ ತಾರೀಖು ಕಾಯಬೇಡಿ. ಬೆಳಗಿನ ಚಳಿ 7 ಡಿಗ್ರಿಗೆ ಇಳಿಯತೊಡಗಿದರೆ ಅದೇ ಮುಹೂರ್ತ. ತಡವಾದರೆ ಅಂಗಡಿಯಲ್ಲಿ ಸರದಿ ಸಿಗದು.

• ಹಳೆಯ ಟೈರು ಕೊಳ್ಳುವುದಾದರೆ ಗಾಡಿಯ ಆಳ 4.8 ಮಿಲಿಮೀಟರಿಗಿಂತ ಕಡಿಮೆ ಇರಬಾರದು. ಪಕ್ಕದಲ್ಲಿರುವ ನಾಲ್ಕು ಅಂಕಿ ಓದಿ: 3521 ಎಂದಿದ್ದರೆ 2021ರ 35ನೇ ವಾರದಲ್ಲಿ ತಯಾರಾದದ್ದು.

• ಬೇರೆ ರಿಮ್ಮಿಗೆ ಕೂರಿಸಿಟ್ಟರೆ ಪ್ರತಿವರ್ಷ ಬದಲಿಸುವ ಖರ್ಚು ಕಡಿಮೆ.

• ಚಳಿಗೆ ಟೈರಿನ ಗಾಳಿಯ ಒತ್ತಡ ಇಳಿಯುತ್ತದೆ. ತಿಂಗಳಿಗೊಮ್ಮೆ ನೋಡಿಸಿ.

• ಬೇಸಿಗೆಗೆ ಬಿಚ್ಚಿಸಿಬಿಡಿ. ಮೆತ್ತನೆಯ ರಬ್ಬರು ಬಿಸಿ ರಸ್ತೆಯಲ್ಲಿ ಬೇಗ ಸವೆಯುತ್ತದೆ. ತೊಳೆದು ಒಣಗಿಸಿ ನೆರಳಿನಲ್ಲಿಡಿ.

ಎಲ್ಲಕ್ಕಿಂತ ಮುಖ್ಯ, ಒಳ್ಳೆ ಟೈರು ಇದೆಯೆಂದು ಜೋರಾಗಿ ಓಡಿಸಬಾರದು. ಹಿಮದ ಮೇಲೆ ಯಾವ ಟೈರೂ ಒಣರಸ್ತೆಯಲ್ಲಿ ನಿಂತಷ್ಟು ಬೇಗ ನಿಲ್ಲುವುದಿಲ್ಲ.

ಆ ರಾತ್ರಿ

ಜನವರಿ ಕೊನೆಯ ವಾರ, ಹಿಮ ಸುರಿಯುತ್ತಿದ್ದ ಒಂದು ರಾತ್ರಿ ಮಗಳಿಗೆ ನೋವು ಶುರುವಾಯಿತು. ಅದೇ ಇಳಿಜಾರು. ನಾನು ಉಸಿರು ಬಿಗಿಹಿಡಿದು, ಮನೆದೇವರನ್ನು ನೆನೆಯುತ್ತ ಕೂತಿದ್ದೆ. ಅಳಿಯ ಬಹಳ ನಿಧಾನವಾಗಿ ಇಳಿಸಿ, ಕೆಳಗೆ ಬ್ರೇಕ್ ಒತ್ತಿದರು. ಕಾರು ಕರಕರ ಎಂದು, ನಿಲ್ಲಬೇಕಾದಲ್ಲೇ ನಿಂತಿತು. ಕನ್ನಡಿಯಲ್ಲಿ ಒಮ್ಮೆ ನನ್ನ ಮುಖ ನೋಡಿದರು. ಇಬ್ಬರೂ ಏನೂ ಹೇಳಲಿಲ್ಲ. ಬೆಳಗಿನ ಜಾವಕ್ಕೆ ಮೊಮ್ಮಗಳು ಹುಟ್ಟಿದಳು. ಅವಳ ಕೊರಳಿಗೆ ಬಂಗಾರ ಹಾಕುವುದು ಇನ್ನೂ ಬಾಕಿ ಇದೆ. ಮುಂದಿನ ಅಡಕೆ ಕೊಯ್ಲಿಗೆ ನೋಡೋಣ.

ಮುಂಗಾರಿನ ಹೊತ್ತಿಗೆ ಉಬ್ರಾಣಿಗೆ ವಾಪಸಾದೆ. ಮನೆಗೆ ಬಂದವಳು ಮೊದಲು ನೋಡಿದ್ದು ಏನು ಗೊತ್ತೆ? ಮಗನ ಸ್ಕೂಟರಿನ ಹಿಂದಿನ ಟೈರು. ಅಂಗೈಯಷ್ಟು ನುಣ್ಣಗೆ ಸವೆದಿತ್ತು! ಮಳೆಯಲ್ಲಿ ಅದೇ ಗಾಡಿಯಲ್ಲಿ ಸೊಸೆಯನ್ನೂ ಕೂರಿಸಿಕೊಂಡು ಚನ್ನಗಿರಿಗೆ ಹೋಗಿ ಬರುತ್ತಿದ್ದ. ಅಂದೇ ಬದಲಾಯಿಸಿದೆವು.

ನಮ್ಮಲ್ಲಿ ಹಿಮ ಬೀಳುವುದಿಲ್ಲ ನಿಜ. ಮಳೆಯಂತೂ ಬೀಳುತ್ತದಲ್ಲ? ಈ ಪುಟ ಮಡಿಸಿಟ್ಟು ಒಮ್ಮೆ ಅಂಗಳಕ್ಕೆ ಹೋಗಿ, ನಿಂತಿರುವ ಗಾಡಿಯ ಟೈರನ್ನು ಕೈಯಿಂದ ಸವರಿ ನೋಡಿ ಬನ್ನಿ.